ಇಲ್ಲದ ಊರಿಗೆ ಹೋಗಿ ಬಂದವರು

ಇವತ್ತು ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಎರಡು ನೀಲಿ ಪ್ಯಾಕೆಟ್ಟು ಹಿಡಿದು ಚಿಲ್ಲರೆಗೆ ಕಾಯುತ್ತಿದ್ದೆ. ಮೂರನೇ ಮಹಡಿಯ ಮೇಡಂ ಬಂದವರೇ ನನ್ನ ಹೆಗಲು ತಟ್ಟಿ, ಬಹಳ ಮೆತ್ತಗೆ, ಆದರೆ ಇಡೀ ಬೂತಿಗೆ ಕೇಳುವ ಹಾಗೆ ಕೇಳಿದರು: "ಅಲ್ರೀ, ನೀವು ಹೋಗಿದ್ವಿ ಅಂದ್ರಲ್ಲ, ಆ ಊರೇ ಇಲ್ವಂತಲ್ಲ?"

ಹಾಲಿನವನು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ. ಹಿಂದೆ ನಿಂತಿದ್ದ ಹುಡುಗ ಕಿವಿಯಿಂದ ಇಯರ್‌ಫೋನ್ ತೆಗೆದ. ಅರವತ್ತೆರಡು ವರ್ಷದ ಹೆಂಗಸು ಯುರೋಪಿಗೆ ಹೋಗಿ ಬಂದೆ ಅಂತ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದಾಳೆ ಅಂದರೆ, ಬೆಳಗಿನ ಆರೂವರೆಗೆ ಇದಕ್ಕಿಂತ ಮಜಾ ಯಾರಿಗೆ ಬೇಕು?

"ನನ್ನ ಮೊಮ್ಮಗ ಗೂಗಲ್‌ನಲ್ಲಿ ಹುಡುಕ್ದ. ಬೀಲೆಫೆಲ್ಡ್ ಅನ್ನೋ ಊರು ಇಲ್ಲವೇ ಇಲ್ಲ ಅಂತ ಮೊದಲನೇ ಪುಟದಲ್ಲೇ ಬರ್ತಿದೆ. ಪಾಪ, ನೀವು ಹೆಸರು ತಪ್ಪಾಗಿ ಕೇಳಿಸ್ಕೊಂಡಿರ್ಬೇಕು."

ಆ 'ಪಾಪ' ಇದೆಯಲ್ಲ, ಅದು ನನಗೆ ಇನ್ನೂ ಜೀರ್ಣವಾಗಿಲ್ಲ. ಕಾಫಿ ಕುಡಿದಾಯಿತು, ತಿಂಡಿ ಆಯಿತು, ಅದು ಮಾತ್ರ ಎದೆಯಲ್ಲೇ ಕೂತಿದೆ.

ಈ ಮೇಡಂ ಹನ್ನೆರಡು ದಿನದಲ್ಲಿ ಒಂಬತ್ತು ದೇಶ ಮುಗಿಸಿದವರು. ಪ್ರವಾಸದವರೇ ಅಡುಗೆಯವರನ್ನು ಕರಕೊಂಡು ಹೋಗಿದ್ದರಿಂದ ಆಲ್ಪ್ಸ್ ತಪ್ಪಲಲ್ಲೂ ಬಿಸಿಬಿಸಿ ಅನ್ನ ಸಾರು ಉಂಡವರು. ಅವರ ಹಾಲ್‌ನಲ್ಲಿ ಮೂರು ಫ್ರೇಮುಗಳಿವೆ. ಒಂದರಲ್ಲಿ ಐಫೆಲ್ ಟವರನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದಿದ್ದಾರೆ. ಇನ್ನೊಂದರಲ್ಲಿ ಪೀಸಾ ಗೋಪುರ ಬೀಳದ ಹಾಗೆ ಕೈಕೊಟ್ಟಿದ್ದಾರೆ. ಮೂರನೆಯದರಲ್ಲಿ ಸ್ವಿಟ್ಜರ್ಲೆಂಡಿನ ಹಿಮವನ್ನು ಯಜಮಾನರ ಮೇಲೆ ಎರಚುತ್ತಿದ್ದಾರೆ. ಯಜಮಾನರ ಮುಖದಲ್ಲಿ ಸಂತೋಷವೇನೂ ಕಾಣುವುದಿಲ್ಲ, ಆದರೆ ಸಾಕ್ಷಿ ಸಾಕ್ಷಿಯೇ.

ನಾವು ಬಂದಿಳಿದ ಮಾರನೇ ದಿನವೇ ಮೇಡಂ ವಿಚಾರಣೆ ನಡೆಸಿದ್ದರು.

"ಪ್ಯಾರಿಸ್?"

"ಇಲ್ಲ."

"ಸ್ವಿಸ್ಸು?"

"ಇಲ್ಲ."

"ವೆನಿಸ್‌ನಲ್ಲಿ ದೋಣಿ?"

"ಇಲ್ಲ ಮೇಡಂ."

"ಮತ್ತೆ ಎರಡೂವರೆ ತಿಂಗಳು ಏನ್ರೀ ನೋಡಿದ್ರಿ?"

"ವುಪ್ಪರ್ಟಾಲ್. ಹಮ್. ಬೀಲೆಫೆಲ್ಡ್."

ಆಸ್ಪತ್ರೆಗೆ ಸೇರಿದವರನ್ನು ನೋಡುವ ಹಾಗೆ ನನ್ನನ್ನು ನೋಡಿದರು.

ತಪ್ಪು ನನ್ನದಲ್ಲ. ಮಗ ಇರುವುದು ಜರ್ಮನಿಯ ಡಾರ್ಟ್ಮುಂಡಿನಲ್ಲಿ. 2025ರ ಬೇಸಿಗೆಯಲ್ಲಿ ಅವನ ಮನೆಗೆ ಹೋಗುವುದಕ್ಕೆ ಮುಂಚೆ ಬ್ಯಾಂಕಿನ ಕಾಗದ, ಮನೆಯ ಕಾಗದ, ಪೆನ್ಷನ್ನಿನ ಕಾಗದ ಎಲ್ಲ ಕೊಟ್ಟು 29 ದೇಶ ಸುತ್ತಬಹುದಾದ ಷೆಂಗೆನ್ ವೀಸಾ ಪಡೆದಿದ್ದೆವು. ಪ್ಯಾರಿಸ್ ಅಂದರೆ ಮಗ "ಅಲ್ಲಿ ತುಂಬಾ ರಷ್ ಅಮ್ಮ" ಅನ್ನುತ್ತಿದ್ದ. ಆಮ್‌ಸ್ಟರ್‌ಡಾಂ ಅಂದರೂ "ರಷ್". ದಸರಾ ಜಂಬೂಸವಾರಿಗೆ ಬೆಳಿಗ್ಗೆ ಎಂಟಕ್ಕೇ ಹೋಗಿ ಫುಟ್‌ಪಾತ್ ಮೇಲೆ ಪೇಪರ್ ಹಾಸಿ ಜಾಗ ಹಿಡಿಯುತ್ತಿದ್ದ ಮನೆತನದಲ್ಲಿ ಹುಟ್ಟಿದ ಹುಡುಗ ರಷ್ ಅಂತಾನೆ!

ಮಗ ಹಾಗಂದರೆ ಹೋಗಲಿ, ಅಪ್ಪನಾದರೂ ನನ್ನ ಪರ ನಿಲ್ಲಬೇಕಿತ್ತು. ಆದರೆ ಅಷ್ಟರಲ್ಲಿ ನಮ್ಮ ಯಜಮಾನರ ಕೈಗೆ ಆ ಟಿಕೆಟ್ ಸಿಕ್ಕಿತ್ತು.

ಜರ್ಮನಿಯಲ್ಲೊಂದು ತಿಂಗಳ ಪಾಸಿದೆ. ಆಗ ಅದಕ್ಕೆ 58 ಯೂರೋ. ಅದೊಂದಿದ್ದರೆ ಇಡೀ ದೇಶದ ಬಸ್ಸು, ಟ್ರಾಮು, ಊರೂರಿಗೆ ನಿಲ್ಲುವ ರೈಲು ಎಲ್ಲ ಹತ್ತಬಹುದು. ವೇಗದ ರೈಲು ಮಾತ್ರ ಹತ್ತುವ ಹಾಗಿಲ್ಲ. ಪ್ಯಾರಿಸ್ಸಿಗಂತೂ ಅದು ನಡೆಯುವುದೇ ಇಲ್ಲ. ಮೂವತ್ತೈದು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ರಿಟೈರ್ ಆದ ಮನುಷ್ಯನ ಕೈಗೆ ಇಂಥದ್ದೊಂದು ಟಿಕೆಟ್ ಕೊಡುವುದೂ ಒಂದೇ, ಮಗುವಿನ ಕೈಗೆ ಬೆಲ್ಲದ ಡಬ್ಬಿ ಕೊಡುವುದೂ ಒಂದೇ. ಅಂದಿನಿಂದ ನಮಗೆ ಯುರೋಪ್ ಅಂದರೆ ಆ ಟಿಕೆಟ್ ಓಡುವಷ್ಟು ದೂರ.

ಜೇಬಿನಲ್ಲಿ ಪುಟ್ಟ ಪುಸ್ತಕ ಬಂತು. ಮೊದಲ ಸಲ ಹೊರಗೆ ಹೋಗಿ ಬಂದಾಗ ಬರೆದರು: ಒಂದು ಟ್ರಿಪ್ಪಿಗೆ 58. ಎರಡನೆಯದಕ್ಕೆ 29. ಮೂರನೆಯದಕ್ಕೆ 19.33. "ನೋಡಿದ್ಯಾ, ಇಳೀತಾ ಇದೆ!" ಅಂತ ರಾತ್ರಿ ಮಲಗುವ ಮುಂಚೆ ನನಗೆ ತೋರಿಸುತ್ತಿದ್ದರು. ಡಾಕ್ಟರ ಹತ್ತಿರ ಸಕ್ಕರೆ ಕಾಯಿಲೆಯ ರಿಪೋರ್ಟ್ ತೋರಿಸುವಾಗಲೂ ಇಷ್ಟು ಹುರುಪು ಕಂಡಿರಲಿಲ್ಲ. ಆ ಸಂಖ್ಯೆ ಇಳಿಸುವುದಕ್ಕೇ ಅಂತ ನಾವು ರೈಲು ಹತ್ತತೊಡಗಿದೆವು. ಒಂದು ದಿನ ಹಮ್ ಅನ್ನುವ ಊರಿಗೆ ಹೋಗಿ, ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿದು, ಮುಂದಿನ ರೈಲಿಗೆ ವಾಪಸ್ ಬಂದೆವು. ಅದೇ ಊರಿನಲ್ಲಿ ಶ್ರೀಲಂಕಾದ ತಮಿಳರು 2002ರಲ್ಲಿ ಕಟ್ಟಿ ಮುಗಿಸಿದ ದೊಡ್ಡ ಕಾಮಾಕ್ಷಿ ದೇವಸ್ಥಾನ ಇದೆ, ಸಾಕ್ಷಾತ್ ಗೋಪುರ ಸಮೇತ. "ಇನ್ನೊಂದು ದಿನ ಬರೋಣ, ಅದು ಬೇರೆ ಟ್ರಿಪ್ ಆಗುತ್ತೆ" ಅಂದರು ಯಜಮಾನರು. ದೇವಿಯ ದರ್ಶನವೂ ಸರಾಸರಿಗೆ ಸೇರಿತು.

ಕಲೋನಿನ ಆ ಪ್ರಸಿದ್ಧ ಚರ್ಚನ್ನು ನೋಡಲಿಲ್ಲ ಅನ್ನುವ ಹಾಗಿಲ್ಲ. ಸ್ಟೇಷನ್ನಿಗೆ ಅಂಟಿಕೊಂಡೇ ಇದೆ, 157 ಮೀಟರ್ ಎತ್ತರ. ರೈಲು ಬದಲಾಯಿಸುವ ಹದಿನೇಳು ನಿಮಿಷದಲ್ಲಿ ಹೊರಗೆ ಓಡಿ, ಕತ್ತೆತ್ತಿ, ಕೈಮುಗಿದು, ಒಳಗೆ ಓಡಿಬಂದೆವು.

ವುಪ್ಪರ್ಟಾಲ್‌ಗೆ ಹೋದದ್ದೂ ಪಾಸು ನಡೆಯುತ್ತದೆ ಅಂತಲೇ. ಅಲ್ಲಿ ರೈಲು ತಲೆಕೆಳಗು. ಹಳಿ ಮೇಲೆ, ಬೋಗಿ ಕೆಳಗೆ, ನದಿಯ ನೆತ್ತಿಯ ಮೇಲೆ ಬಾವಲಿಯ ಹಾಗೆ ನೇತಾಡಿಕೊಂಡು ಹೋಗುತ್ತದೆ. ಕಣಿವೆ ಇಕ್ಕಟ್ಟು, ನೆಲದ ಮೇಲೆ ಹಳಿ ಹಾಕಲು ಜಾಗವಿಲ್ಲ ಅಂತ 1901ರಲ್ಲಿ ಶುರು ಮಾಡಿದ್ದಂತೆ. 13.3 ಕಿಲೋಮೀಟರ್, 20 ಸ್ಟೇಷನ್. ತಿರುವು ಬಂದಾಗಲೆಲ್ಲ ತೊಟ್ಟಿಲಿನ ಹಾಗೆ ತೂಗುತ್ತದೆ, ಜೋಗುಳ ಮಾತ್ರ ಇಲ್ಲ. ನಾನು ಕಂಬಿ ಹಿಡಿದು ಕಣ್ಣು ಮುಚ್ಚಿದವಳು ಕೊನೆಯ ಸ್ಟೇಷನ್ನಿನಲ್ಲೇ ಬಿಟ್ಟದ್ದು. ಆಸ್ಪಿರಿನ್ ಮದ್ದು 1897ರಲ್ಲಿ ತಯಾರಾದದ್ದು ಇದೇ ಊರಿನಲ್ಲಂತೆ. ತಲೆನೋವಿನ ಮಾತ್ರೆ ಇಲ್ಲೇ ಯಾಕೆ ಹುಟ್ಟಿತು ಅಂತ ಮಗ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಆಗ ಮಗ ಆನೆಯ ಕಥೆ ತೆಗೆದ. 1950ರ ಜುಲೈ 21ರಂದು ಸರ್ಕಸ್ಸಿನವರು ಪ್ರಚಾರಕ್ಕೆ ಅಂತ ಟಫಿ ಅನ್ನುವ ಮರಿ ಆನೆಯನ್ನು ಈ ರೈಲಿಗೆ ಹತ್ತಿಸಿದರಂತೆ. ಅದು ಗಾಬರಿಯಾಗಿ, ಬೋಗಿಯ ಪಕ್ಕವನ್ನೇ ಒಡೆದುಕೊಂಡು ಕೆಳಗಿನ ನದಿಗೆ ಬಿತ್ತಂತೆ. ಹತ್ತು ಹನ್ನೆರಡು ಮೀಟರ್ ಎತ್ತರದಿಂದ! ಸಣ್ಣಪುಟ್ಟ ಗಾಯವಷ್ಟೇ ಆಗಿ, ಆಮೇಲೆ 1989ರ ತನಕ ಬದುಕಿತ್ತಂತೆ. 750 ಕಿಲೋ ಅಂಬಾರಿ ಹೊತ್ತು ಬನ್ನಿಮಂಟಪದವರೆಗೆ ಹೆಜ್ಜೆ ತಪ್ಪದೆ ನಡೆಯುವ ಆನೆಗಳನ್ನು ನೋಡಿ ಬೆಳೆದವಳು ನಾನು. ಆನೆಗೇ ಕೂರಲಾಗದ ರೈಲಿನಲ್ಲಿ ನನ್ನನ್ನು ಕೂರಿಸಿದ್ದರಲ್ಲ ಅಂತ ಕಣ್ಣಲ್ಲಿ ನೀರು ಬಂತು.

ಯಜಮಾನರು ಮಾತ್ರ ಗಂಭೀರವಾಗಿ ಯೋಚಿಸುತ್ತಿದ್ದರು. "ಆನೆಗೆ ಟಿಕೆಟ್ ತಗೊಂಡಿದ್ರೇನೋ?"

"ಗೊತ್ತಿಲ್ಲ ಅಪ್ಪ."

"ತಗೊಂಡಿದ್ರೆ, ಅದು ಅರ್ಧದಲ್ಲೇ ಇಳೀತಲ್ಲ. ಉಳಿದ ದೂರದ ದುಡ್ಡು ವಾಪಸ್ ಕೊಟ್ರಾ?"

ನದಿಯ ಪಕ್ಕದ ಕಟ್ಟಡದ ಮೇಲೆ ಆ ಆನೆಯ ಚಿತ್ರ ಬರೆದಿದ್ದಾರೆ. ಆನೆ ಬೀಳುತ್ತಿರುವ ಫೋಟೋ ಅಂತ ಎಲ್ಲ ಕಡೆ ಓಡಾಡುವುದು ಅಂಟಿಸಿ ಮಾಡಿದ್ದಂತೆ. ನಿಜವಾಗಿ ಬಿದ್ದ ಗಳಿಗೆಯ ಫೋಟೋ ಇಲ್ಲ. ಮೇಡಂ ಇದ್ದಿದ್ದರೆ ಆ ಆನೆಗೂ "ಪಾಪ, ನೀನು ಬಿದ್ದೇ ಇಲ್ವಂತಲ್ಲ" ಅನ್ನುತ್ತಿದ್ದರು.

ಈಗ ಆ ಬೀಲೆಫೆಲ್ಡ್ ವಿಷಯಕ್ಕೆ ಬರುತ್ತೇನೆ. ಗೂಗಲ್ ಸುಳ್ಳು ಹೇಳಿಲ್ಲ, ಮೇಡಂ ಅರ್ಧಕ್ಕೇ ಓದು ನಿಲ್ಲಿಸಿದ್ದಾರೆ. ಮೂರು ಲಕ್ಷಕ್ಕೂ ಮಿಕ್ಕ ಜನ ಇರುವ ಆ ಊರು ಇಲ್ಲವೇ ಇಲ್ಲ ಅನ್ನುವುದು ಜರ್ಮನ್ನರ ಹಳೇ ತಮಾಷೆ. 1994ರಲ್ಲಿ ಕೀಲ್ ಊರಿನ ಒಬ್ಬ ವಿದ್ಯಾರ್ಥಿ ಇಂಟರ್ನೆಟ್ಟಿನಲ್ಲಿ ಹರಿಯಬಿಟ್ಟಿದ್ದು. ಮೂರು ಪ್ರಶ್ನೆ: ಬೀಲೆಫೆಲ್ಡಿನವರು ಯಾರಾದರೂ ನಿಮಗೆ ಗೊತ್ತಾ? ನೀವು ಅಲ್ಲಿಗೆ ಹೋಗಿದ್ದೀರಾ? ಹೋದವರು ಯಾರಾದರೂ ಗೊತ್ತಾ? ಬಹಳ ಜನಕ್ಕೆ ಮೂರಕ್ಕೂ ಇಲ್ಲ ಅಂತಲೇ ಉತ್ತರ. ಯಾರಾದರೂ ಹೂಂ ಅಂದರೆ ಅವರೂ ಆ ಪಿತೂರಿಯಲ್ಲಿ ಶಾಮೀಲು! ಏಂಜೆಲಾ ಮರ್ಕೆಲ್ ಕೂಡ 2012ರಲ್ಲಿ, ಬೀಲೆಫೆಲ್ಡಿಗೆ ಹೋಗಿದ್ದೆ ಅಂತ ಹೇಳುವಾಗ, ಆ ಊರು ಇದ್ದರೆ ಅಂತ ಒಂದು ಕುಟುಕು ಸೇರಿಸಿದ್ದರಂತೆ. ದೇಶದ ಚಾನ್ಸಲರ್ ಮಾತಿಗೇ ಹೀಗಾದರೆ ಹಾಲಿನ ಬೂತಿನಲ್ಲಿ ನನ್ನ ಮಾತು ಯಾರು ನಂಬುತ್ತಾರೆ? ಕೊನೆಗೆ 2019ರಲ್ಲಿ ನಗರದವರೇ ಪಂಥ ಕಟ್ಟಿದರು: ಊರು ಇಲ್ಲ ಅಂತ ಸಾಬೀತು ಮಾಡಿದವರಿಗೆ ಹತ್ತು ಲಕ್ಷ ಯೂರೋ. ಯಾರಿಂದಲೂ ಆಗಲಿಲ್ಲ. ಆ ನೆನಪಿಗೆ ಹಳೇ ಪೇಟೆಯಲ್ಲಿ ಒಂದು ಬಂಡೆ ಇಟ್ಟಿದ್ದಾರೆ.

ನಾವು ಹೋಗಿದ್ದು ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ಊರು ಇಲ್ಲ ಅನ್ನುವ ಮಾತು ಆವತ್ತು ನನಗೂ ಮುಕ್ಕಾಲು ನಿಜ ಅನ್ನಿಸಿತು. ಪೇಟೆ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಒಂದು ನಾಯಿ, ಅದನ್ನು ಹಿಡಿದ ಒಬ್ಬ ಮುದುಕ, ನಾವು ಮೂವರು. ಒಬ್ಬ ನೇಕಾರನ ಪ್ರತಿಮೆ ಇದೆ. ಲಿನನ್ ಬಟ್ಟೆಯಿಂದ ಬದುಕಿದ ಊರಂತೆ. ನನ್ನ ಹತ್ತಿರ ನಾಲ್ಕು ಇಳಕಲ್ ಸೀರೆಗಳಿವೆ, ನೆಯ್ದ ಒಬ್ಬನ ಮುಖವೂ ಗೊತ್ತಿಲ್ಲವಲ್ಲ ಅಂತ ಸುಮ್ಮನೆ ಅನ್ನಿಸಿತು.

ಆಮೇಲೆ ಸ್ಪಾರೆನ್‌ಬುರ್ಗ್ ಅನ್ನುವ ಹಳೇ ಕೋಟೆಗೆ ಗುಡ್ಡ ಹತ್ತಿದೆವು. ಮಗ ಮೂರು ವರ್ಷದವನಿದ್ದಾಗ ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಕಾಲು ನೋವು ಅಂತ ಅತ್ತು ನನ್ನ ಸೊಂಟ ಏರಿದ್ದ. ಈಗ ನನ್ನ ಮೊಣಕೈ ಹಿಡಿದು "ನಿಧಾನ ಅಮ್ಮ" ಅನ್ನುತ್ತಾನೆ. ಮೇಲೆ ಬೆಂಚಿನ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದೆ.

"ಬಂದ ಹೊಸತರಲ್ಲಿ ಭಾನುವಾರ ಇಲ್ಲಿಗೆ ಬರ್ತಿದ್ದೆ," ಅಂದ.

"ಇಲ್ಲೇನಿದೆಯೋ?"

"ಏನೂ ಇಲ್ಲ. ಬರೋಕೆ ಒಂದು ಗಂಟೆ, ಹೋಗೋಕೆ ಒಂದು ಗಂಟೆ. ರೈಲಲ್ಲಿ ಜನ ಇರ್ತಾರಲ್ಲ."

ವಿಡಿಯೋ ಕಾಲ್‌ನಲ್ಲಿ ಒಂದು ದಿನವೂ ಹೇಳಿರಲಿಲ್ಲ. ಊಟ ಆಯ್ತಾ ಅಂದರೆ ಆಯ್ತು ಅನ್ನುತ್ತಿದ್ದ, ಅಷ್ಟೇ. ನಾನು ಇನ್ನೊಂದು ಸೌಟು ಚಿತ್ರಾನ್ನ ಹಾಕಿದೆ. ಬೇಡ ಅನ್ನಲಿಲ್ಲ.

"ಇದು ಹದಿನಾಲ್ಕನೇದು," ಅಂದರು ಯಜಮಾನರು ಪುಸ್ತಕದಿಂದ ತಲೆಯೆತ್ತಿ. "4 ಯೂರೋ 14 ಸೆಂಟಿಗೆ ಬಂತು!"

ಸಾಕ್ಷಿಗೆ ಅಂತ ವಾಪಸ್ ಬರುವಾಗ ಸ್ಟೇಷನ್ನಿನ ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೆ. ಸೀರೆ, ಮೇಲೊಂದು ಸ್ವೆಟರ್, ಕೆಳಗೆ ಸ್ಪೋರ್ಟ್ಸ್ ಶೂ. ಇವತ್ತು ಬೂತಿನಿಂದ ಬಂದವಳೇ ಅದನ್ನು ಹುಡುಕಿ ಮೂರನೇ ಮಹಡಿಗೆ ಓಡಿದೆ. ಮೇಡಂ ಕನ್ನಡಕ ಹಾಕಿ ನೋಡಿದರು. ಬೋರ್ಡಿನ ಮುಕ್ಕಾಲು ಭಾಗ ನನ್ನ ಸ್ವೆಟರಿನ ಹಿಂದೆ. 'ಫೆಲ್ಡ್' ಅಂತ ಮಾತ್ರ ಕಾಣುತ್ತಿದೆ.

"ಯಾವುದೋ ಫೆಲ್ಡ್," ಅಂದರು.

ಬಿಡುತ್ತೇನೆಯೇ? ಬೇಕಿಂಗ್ ಪೌಡರನ್ನು ಪೊಟ್ಟಣ ಕಟ್ಟಿ ಮಾರಿ ಹೆಸರಾದ ಡಾಕ್ಟರ್ ಓಟ್ಕರ್ ಕಂಪನಿ 1891ರಲ್ಲಿ ಶುರುವಾದದ್ದು ಬೀಲೆಫೆಲ್ಡಿನಲ್ಲೇ. ಅದೇ ಹೆಸರಿನ ಮೇಯನೇಸ್ ಬಾಟಲಿ ನಮ್ಮ ಫ್ರಿಜ್ಜಿನಲ್ಲೂ ಇದೆ, ಮೊಮ್ಮಗಳು ಬಂದಾಗ ತಂದದ್ದು. ಕೆಳಗಿಳಿದು, ಬಾಟಲಿ ಹಿಡಿದು ಮತ್ತೆ ಎರಡು ಮಹಡಿ ಹತ್ತಿದೆ. ಮೇಡಂ ಬಾಟಲಿಯನ್ನು ತಿರುಗಿಸಿ ಸಣ್ಣಕ್ಷರ ಓದಿದರು. "ಮೇಡ್ ಇನ್ ಇಂಡಿಯಾ ಅಂತಿದೆಯಲ್ರೀ."

ಅಷ್ಟರಲ್ಲಿ ನನ್ನನ್ನು ಹುಡುಕಿಕೊಂಡು ಯಜಮಾನರು ಬಂದರು. ಕೈಯಲ್ಲಿ ಮೊಬೈಲು, ಮಗನ ಮೆಸೇಜು.

"ಮುಂದಿನ ವರ್ಷಾನೂ ಹೊರಟ್ರಾ?" ಕೇಳಿದರು ಮೇಡಂ. "ಈ ಸಲವಾದ್ರೂ ಎಲ್ಲಿಗಂತೆ?"

ಡಾರ್ಟ್ಮುಂಡಿನ ಪಕ್ಕದಲ್ಲೇ ಒಂದು ಊರಿದೆ. ಪಾಸು ನಡೆಯುತ್ತದೆ.

"ಹಾಗೆನ್," ಅಂದರು ಯಜಮಾನರು.

"ಹಾಗೇನ್? ಸರಿ, ಎಲ್ಲಿಗೆ?"

"ಹಾಗೆನ್."

"ಅಲ್ಲಾ, ನಾನು ಕೇಳ್ತಿರೋದು..."

ನಾನು ಬಾಟಲಿ ಎತ್ತಿಕೊಂಡು ಮೆಟ್ಟಿಲಿಳಿದೆ.