ಗಮನಕ್ಕೆ ಬರಲಿಲ್ಲವಂತೆ

ಹಾಂಗ್‌ಕಾಂಗಿನ ‘ಚಾ ಚಾನ್ ಟೆಂಗ್’ ಒಂದರಲ್ಲಿ, ಅಂದರೆ ಅಲ್ಲಿನ ಚಹಾ-ತಿಂಡಿಯ ಹೋಟೆಲಿನಲ್ಲಿ, ಎದುರಿಗೆ ಕೂತಿದ್ದ ಹಿರಿಯರ ಮೊಣಕೈ ತಾಗಿ ಅವರ ಹಾಲು ಚಹಾ ನನ್ನ ಅಂಗಿಗೆ ಬಂತು. ಅಲ್ಲಿನ ಕ್ಯಾಂಟನೀಸ್ ಭಾಷೆಯಲ್ಲಿ ‘ಮ್ ಕೊಕ್ ಯೀ’ ಅಂದರು. ಗಮನಕ್ಕೆ ಬರಲಿಲ್ಲ, ಅಂತ. ನನ್ನ ಗಮನಕ್ಕಂತೂ ಚೆನ್ನಾಗಿ ಬಂದಿತ್ತು. ಬಿಸಿ ಇತ್ತು.

ಗುರುತಿಲ್ಲದವರು ನನ್ನ ಮೇಜಿನಲ್ಲಿ ಯಾಕಿದ್ದರು ಅಂತೀರಾ? ಅದನ್ನು ಹೇಳಲೇಬೇಕು. ಅಲ್ಲಿ ‘ತಾಪ್ ತೊಯ್’ ಅಂತ ಒಂದು ಪದ್ಧತಿ ಇದೆ. ಕುರ್ಚಿ ಖಾಲಿ ಕಂಡರೆ ಸಾಕು, ವೇಟರ್ ಯಾರನ್ನಾದರೂ ತಂದು ಕೂರಿಸುತ್ತಾನೆ. ನಿಮ್ಮನ್ನು ಕೇಳುವುದಿಲ್ಲ. ಬಂದವರು ನಿಮ್ಮ ಮುಖ ನೋಡುವುದಿಲ್ಲ, ಮಾತೂ ಆಡುವುದಿಲ್ಲ. ಅದೇ ಅಲ್ಲಿನ ಮರ್ಯಾದೆ. ಮೊಳದಷ್ಟು ಮೇಜಿನ ಮೇಲೆ ನನ್ನ ಮ್ಯಾಕರೋನಿ ಸೂಪು, ಪಕ್ಕದವರ ಟೋಸ್ಟು, ಇನ್ಯಾರದೋ ಮಡಚಿದ ಪೇಪರು. ವೇಟರ್ ಬಟ್ಟಲು ಇಡುವುದಿಲ್ಲ, ಕುಕ್ಕುತ್ತಾನೆ. ಒರೆಸಿಕೊಳ್ಳುವ ಕಾಗದವನ್ನೂ ಎಷ್ಟೋ ಕಡೆ ನಾವೇ ತರಬೇಕು. ಬೆಂಗಳೂರಿನ ದರ್ಶಿನಿಯಲ್ಲೂ ನೂಕುನುಗ್ಗಲೇ, ಆದರೆ ಅಲ್ಲಿ ನಿಂತಿರುತ್ತೇವೆ, ಹಿಂದೆ ಸರಿಯಬಹುದು. ಇಲ್ಲಿ ನಾಲ್ವರ ಮೊಣಕಾಲುಗಳು ಮೇಜಿನ ಕೆಳಗೆ ಸಿಕ್ಕಿಕೊಂಡಿರುತ್ತವೆ. ಇಂಥಲ್ಲಿ ಚಹಾ ಚೆಲ್ಲದಿದ್ದರೆ ಅದೇ ಆಶ್ಚರ್ಯ.

ಕ್ಷಮೆ ಕೇಳುವುದಕ್ಕೆ ಕ್ಯಾಂಟನೀಸಿನಲ್ಲಿ ಬೇರೆಯೇ ಮಾತಿದೆ, ‘ತೋಯ್ ಮ್ ಚ್ಯೂ’. ಚಹಾ ಚೆಲ್ಲಿದ ಹಿರಿಯರು ಅದನ್ನು ಬಳಸಲಿಲ್ಲ. ಲೋಟ ಒಡೆದಾಗ ಅನ್ನುವ ‘ಮ್ ಸಿಯು ಸಮ್’ ಅನ್ನೂ ಬಳಸಲಿಲ್ಲ. ಅದರಲ್ಲಿ ‘ಜಾಗ್ರತೆ ತಪ್ಪಿದೆ’ ಅಂತ ಅಷ್ಟಾದರೂ ಒಪ್ಪಿಗೆ ಇದೆ, ಅಲ್ವಾ? ಅದೇ ಮಾತು ಕಾಗದಕ್ಕೆ ಹತ್ತಿದರೆ ‘ಇಲ್ಲ’ ಅನ್ನುವ ಆಡುಮಾತಿನ ‘ಮ್’ ಹೋಗಿ ಬರಹದ ‘ಪತ್’ ಬರುತ್ತದೆ. ಅಜಾಗರೂಕ ಚಾಲನೆಯ ಕೇಸಿನಲ್ಲಿ ಬರೆಯುವುದು ‘ಪತ್ ಸಿಯು ಸಮ್’ ಅಂತಲೇ. ಪೇಪರಿನವರು ಇನ್ನೂ ಒಂದು ಮೆಟ್ಟಿಲು ಮೇಲೆ. ಎತ್ತರದಿಂದ ಯಾರಾದರೂ ಬಿದ್ದರೆ ‘ಪತ್ ಸನ್’, ಅಂದರೆ ಎಚ್ಚರ ತಪ್ಪಿ, ಅನ್ನುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಜನ ‘ಆಕಸ್ಮಿಕವಾಗಿ ಕಾಲುಜಾರಿ’ ಬೀಳುತ್ತಾರಲ್ಲ, ಹಾಗೆ. ಮನೆಯಲ್ಲಿ ಯಾರೂ ಆಕಸ್ಮಿಕವಾಗಿ ಜಾರಿದ್ದನ್ನು ನಾನು ಕಂಡಿಲ್ಲ. ಸುಮ್ನೆ ಜಾರುತ್ತಾರೆ.

ಇವೆಲ್ಲಕ್ಕಿಂತ ನನಗೆ ಜಾಸ್ತಿ ಸಿಟ್ಟು ಬರಿಸುವುದು ಮಕ್ಕಳ ಬಾಯಲ್ಲಿ ಸದಾ ಇರುವ ‘ಮ್ ಹೈ ತಕ್ ತಂಗ್ ಕಾ’. ‘ಬೇಕಂತ ಮಾಡಿದ್ದಲ್ಲ’ ಅಂತ. ಕನ್ನಡದ ಮಕ್ಕಳೂ ಇದನ್ನೇ ಹೇಳುತ್ತವೆ, ಅದೇ ರಾಗದಲ್ಲಿ. ಬೇಕಂತ ಮಾಡಿದೆ ಅಂತ ಯಾರಪ್ಪಾ ಹೇಳಿದ್ದು? ನಾನಿನ್ನೂ ಬಾಯಿ ಬಿಟ್ಟೇ ಇರುವುದಿಲ್ಲ!