ಜವಾರಿ ಲ್ಯಾಪ್‌ಟಾಪ್

ಕಳೆದ ಮಳೆಗಾಲದಲ್ಲಿ ನನ್ನ ಲ್ಯಾಪ್‌ಟಾಪ್ ಚಾರ್ಜ್ ಆಗುವುದನ್ನು ನಿಲ್ಲಿಸಿತು. ವೈರ್ ಚುಚ್ಚುವ ಜಾಗ ಸಡಿಲಾಗಿತ್ತು, ಅಷ್ಟೆ. ಒಂದು ಕಡೆ ಒತ್ತಿ ಹಿಡಿದರೆ ದೀಪ ಹತ್ತುತ್ತಿತ್ತು, ಕೈ ಬಿಟ್ಟರೆ ಆರುತ್ತಿತ್ತು. ಸ್ವಲ್ಪ ದಿನ ವೈರಿನ ಮೇಲೆ ಶೇಂಗಾ ಚಟ್ನಿ ಡಬ್ಬಿ ಇಟ್ಟು ನಡೆಸಿದೆ. ಚಟ್ನಿ ಮುಗಿಯುತ್ತಾ ಬಂತು, ಡಬ್ಬಿ ಹಗುರಾಯಿತು. ಸರ್ವಿಸ್ ಸೆಂಟರ್‌ಗೆ ಹೋಗದೆ ಗತಿ ಇರಲಿಲ್ಲ.

ಅಲ್ಲಿದ್ದ ಟೈ ಕಟ್ಟಿದ ಹುಡುಗ ಅದನ್ನು ಬಿಚ್ಚಲೂ ಇಲ್ಲ. ತನ್ನ ಕಂಪ್ಯೂಟರ್ ನೋಡಿದ, ನನ್ನನ್ನು ನೋಡಿದ.

‘ಸರ್, ಬೋರ್ಡ್ ಚೇಂಜ್ ಮಾಡಬೇಕಾಗ್ತದ. ಮೂವತ್ತೊಂದು ಸಾವಿರ, ಜಿಎಸ್‌ಟಿ ಬ್ಯಾರೆ.’

‘ಬರೇ ಚಾರ್ಜಿಂಗ್ ಜ್ಯಾಕ್ ಹೋಗೇದಲ್ರೀ?’

‘ಜ್ಯಾಕ್ ಬೋರ್ಡಿಗೇ ಇರ್ತದ ಸರ್. ರ‍್ಯಾಮೂ ಬೋರ್ಡಿಗೇ. ಪ್ರೊಸೆಸರೂ ಅಲ್ಲೇ. ಎಲ್ಲಾ ಸೇರಿ ಒಂದ ಪಾರ್ಟ್.’ ಆಮೇಲೆ ಧ್ವನಿ ತಗ್ಗಿಸಿ, ಹಿತೈಷಿಯ ಹಾಗೆ ಹೇಳಿದ: ‘ಅದರ ಬದಲಿ ಹೊಸಾದ ತಗೋರಿ. ಎಕ್ಸ್‌ಚೇಂಜ್ ಆಫರ್ ನಡದದ.’

ನನಗೆ ಗದಗ ಕಡೆಯ ಹಳ್ಳಿಯಲ್ಲಿದ್ದ ನಮ್ಮಜ್ಜನ ಚಕ್ಕಡಿ ನೆನಪಾಯಿತು. ಗಾಲಿಯ ಹಳಿ ಸವೆದರೆ ಕಮ್ಮಾರ ಇದ್ದ. ಮರ ಸೀಳಿದರೆ ಬಡಿಗ ಇದ್ದ. ಮಿಣಿ ಹರಿದರೆ ಅಜ್ಜನೇ ಸಾಕು. ಇದೇ ಕಂಪನಿ ಚಕ್ಕಡಿ ಮಾಡಿದ್ದರೆ? ಕಡೆಗೀಲು ಬಿದ್ದುಹೋಗಿದೆ ಅಂತ ಅಜ್ಜ ಫೋನ್ ಮಾಡುತ್ತಾನೆ. ಅರ್ಧ ತಾಸು ಸಂಗೀತ ಕೇಳಿಸಿ ಒಬ್ಬಳು ಮೆಲ್ಲಗೆ ಹೇಳುತ್ತಾಳೆ: ಕಡೆಗೀಲು ಬಿಡಿಯಾಗಿ ಸಿಗುವುದಿಲ್ಲ, ಅದನ್ನು ಅಚ್ಚಿಗೆ ಬೆಸುಗೆ ಹಾಕಿದ್ದೇವೆ. ಅಚ್ಚು ಗಾಲಿಗೆ, ಗಾಲಿ ನೊಗಕ್ಕೆ. ನೊಗಕ್ಕೆ ಎತ್ತುಗಳನ್ನು ಅಂಟು ಹಚ್ಚಿ ಕೂರಿಸಿದ್ದೇವೆ, ಚಕ್ಕಡಿ ತೆಳ್ಳಗೆ ಕಾಣಲಿ ಅಂತ. ಅಜ್ಜ ಅದನ್ನೆಲ್ಲ ಕೇಳದೆ ಸಂತೆಯಿಂದ ಬೇರೆ ಎತ್ತು ತಂದು ಹೂಡಿದರೆ ನೊಗದ ಮೇಲೆ ಕೆಂಪು ಅಕ್ಷರ ಮೂಡುತ್ತದೆ: ‘ಇದು ಅಸಲಿ ಎತ್ತು ಅಲ್ಲ’. ಇದ್ದ ಎತ್ತು ಗಟ್ಟಿಮುಟ್ಟಾಗಿದ್ದರೂ ಒಂದು ದಿನ ಪತ್ರ ಬರುತ್ತದೆ: ನಿಮ್ಮ ಎತ್ತಿನ ಕೊಂಬಿನಲ್ಲಿ ಟಿಪಿಎಂ 2.0 ಇಲ್ಲ, ಅಕ್ಟೋಬರ್ 14ರ ಮೇಲೆ ನಾವು ಜವಾಬ್ದಾರರಲ್ಲ.

ಈ ಕೊನೆಯದು ಮಾತ್ರ ನಾನು ಕಟ್ಟಿದ್ದಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಚೆನ್ನಾಗಿ ಓಡುತ್ತಿದ್ದ ಎಷ್ಟೋ ಲ್ಯಾಪ್‌ಟಾಪ್‌ಗಳು ಟಿಪಿಎಂ ಎಂಬ ಆ ಭದ್ರತಾ ಚಿಪ್ ಇಲ್ಲ ಅಂತಲೋ, ಪ್ರೊಸೆಸರ್ ಹಳೆಯದು ಅಂತಲೋ ವಿಂಡೋಸ್ 11ರ ಬಾಗಿಲಲ್ಲೇ ನಿಂತವು.

ಇರಲಿ. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಗೆ ಹೋದೆ. ಕಿರಿದಾದ ಮೆಟ್ಟಿಲು, ಮೇಲೊಂದು ಗೂಡಿನಂಥ ಅಂಗಡಿ. ಒಳಗೆ ಒಬ್ಬರೇ ಕುಳಿತಿದ್ದರು. ಮುಂದೆ ಸ್ಟೀಲಿನ ಮಸಾಲಿ ಡಬ್ಬಿ. ಸಾಸಿವೆ ಜೀರಿಗೆ ಇರಬೇಕಾದ ಬಟ್ಟಲುಗಳಲ್ಲಿ ಸ್ಕ್ರೂಗಳು. ಉದ್ದನೆಯವು ಒಂದರಲ್ಲಿ, ಗಿಡ್ಡವು ಇನ್ನೊಂದರಲ್ಲಿ, ಯಾರದ್ದೆಂದು ಗೊತ್ತಿಲ್ಲದವು ಅರಿಶಿನದ ಜಾಗದಲ್ಲಿ. ಹಿಂದಿನ ಮುಚ್ಚಳ ತೆಗೆದು ನನಗೇ ತೋರಿಸಿದರು. ‘ಬ್ಯಾಟರಿಗೆ ಹ್ಯಾಂಗ ಅಂಟ ಹಚ್ಚ್ಯಾರ ನೋಡ್ರಿ. ಲಗ್ನಾ ಮಾಡಿಸಿದಂಗ.’ ಹೀಟ್ ಗನ್ ಹಿಡಿದು ಹಳೆಯ ಜ್ಯಾಕ್ ಕಿತ್ತರು, ಹೊಸದು ಕೂರಿಸಿದರು. ಎರಡು ತಾಸು, ಏಳುನೂರಾ ಐವತ್ತು ರೂಪಾಯಿ. ಚಹಾನೂ ಅವರದ್ದೇ.

ಈ ಕಥೆಯನ್ನು ಹೆಮ್ಮೆಯಿಂದ ಅಕ್ಕನ ಮಗನಿಗೆ ಹೇಳಿದೆ. ಅವನು ವಿದ್ಯಾನಗರದ ಮನೆಯಲ್ಲಿ ಕುಳಿತು ಬೆಂಗಳೂರಿನ ಕಂಪನಿಗೆ ದುಡಿಯುತ್ತಾನೆ. ಜಾತ್ರೆಯಲ್ಲಿ ಎರಡು ತಲೆಯ ಕರು ನೋಡಿ ಬಂದವನ ಹಾಗೆ ಕಣ್ಣರಳಿಸಿ ಹೇಳಿದ: ‘ಮಾಮಾ, ಈಗ ಒಂದು ಹೊಸಾ ಲ್ಯಾಪ್‌ಟಾಪ್ ಬಂದೈತಿ. ಅದರಾಗ ರ‍್ಯಾಮ್ ನಾವ ಬದಲಿ ಮಾಡಬಹುದು! ಬ್ಯಾಟರಿ ನಾವ ತಗೀಬಹುದು!’

‘ಅದು ನಮ್ಮ ಹಳೇ ಲ್ಯಾಪ್‌ಟಾಪಿನಾಗೂ ಇತ್ತಲ್ಲೋ. ಎರಡು ಕ್ಲಿಪ್ ಒತ್ತಿದರ ಬ್ಯಾಟರಿ ಕೈಗೆ ಬರ್ತಿತ್ತು.’

‘ಇದು ಬ್ಯಾರೆ ಮಾಮಾ. ಇದು ಮಾಡ್ಯುಲರ್.’

ಅವನು ಹೇಳಿದ್ದು ಫ್ರೇಮ್‌ವರ್ಕ್ ಎಂಬ ಅಮೆರಿಕದ ಕಂಪನಿಯ ಲ್ಯಾಪ್‌ಟಾಪ್. 2021ರಿಂದ ಮಾರುತ್ತಿದ್ದಾರೆ. ಕೆಳಗೆ ಐದೇ ಸ್ಕ್ರೂ, ಬಿಚ್ಚಿದರೂ ಕಳೆದುಹೋಗದಂತೆ ಮುಚ್ಚಳಕ್ಕೇ ಅಂಟಿಕೊಂಡಿರುತ್ತವೆ. ವೈರ್ ಚುಚ್ಚುವ ಜಾಗಗಳು ಬೆಂಕಿಪೊಟ್ಟಣದ ಡ್ರಾಯರಿನ ಹಾಗೆ ಸರಿಯುವ ಪುಟ್ಟ ತುಂಡುಗಳು, ಕೆಟ್ಟರೆ ಎಳೆದು ಬೇರೆಯದು ತೂರಿಸುವುದು. ಒಳಗಿನ ಪಾರ್ಟುಗಳ ಮೇಲೆ ಕ್ಯೂಆರ್ ಕೋಡ್. ಹೊಸ ಪ್ರೊಸೆಸರ್ ಬಂದರೆ ಬೋರ್ಡ್ ಅಷ್ಟೇ ತಂದು ಹಳೇ ಡಬ್ಬಿಗೆ ಹಾಕಬಹುದು. ಬಾಕ್ಸಿನಲ್ಲಿ ಒಂದು ಸ್ಕ್ರೂಡ್ರೈವರನ್ನೂ ಇಟ್ಟಿರುತ್ತಾರೆ. ನಿಜ ಹೇಳಬೇಕೆಂದರೆ ಕೆಲಸ ಅಚ್ಚುಕಟ್ಟು, ತಪ್ಪು ಹುಡುಕಲು ಹೋದವನಿಗೆ ಬೇಜಾರಾಗುವಷ್ಟು.

ಬೆಲೆ ಕೇಳಿದೆ. ಹೇಳಿದ. ನಾನು ಒಂದು ತಂಬಿಗೆ ನೀರು ಕುಡಿದೆ.

ಆಗ ಹೊಳೆಯಿತು. ಇದು ಜವಾರಿ ಸೌತೆಕಾಯಿಯ ಕಥೆ. ಮೊದಲು ಎಲ್ಲರ ಹಿತ್ತಲಲ್ಲೂ ಇದ್ದದ್ದು ಅದೇ, ಯಾರೂ ಅದನ್ನು ಜವಾರಿ ಅಂತಲೂ ಕರೆಯುತ್ತಿರಲಿಲ್ಲ. ಹೈಬ್ರಿಡ್ ಬಂತು, ಹಳೆಯದು ಹಿಂದುಳಿದವರ ತಿನಿಸಾಯಿತು. ಈಗ ಅದೇ ಸೌತೆಕಾಯಿ ಎಸಿ ಅಂಗಡಿಯಲ್ಲಿ, ಸೆಣಬಿನ ಚೀಲದಲ್ಲಿ, ಮೂರು ಪಟ್ಟು ರೇಟಿಗೆ ಕುಳಿತಿದೆ. ಸ್ಕ್ರೂ ಕಿತ್ತುಕೊಂಡು ಅಂಟು ಕೊಟ್ಟರು. ಈಗ ಸ್ಕ್ರೂ ಬೇಕೆಂದರೆ ಅದಕ್ಕೆ ಬೇರೆ ದುಡ್ಡು.

ಕಿತ್ತುಕೊಂಡದ್ದಾದರೂ ಯಾಕೆ? ತೆಳ್ಳಗಾಗಲಿಕ್ಕೆ. 2008ರ ಜನವರಿಯಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ವೇದಿಕೆ ಮೇಲೆ ಲಕೋಟೆಯಿಂದ ಮ್ಯಾಕ್‌ಬುಕ್ ಏರ್ ಹೊರತೆಗೆದರು. ಅದರ ರ‍್ಯಾಮ್ ಬೋರ್ಡಿಗೇ ಬೆಸುಗೆ. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊದಲ್ಲಿ ಬ್ಯಾಟರಿಗೂ ಅಂಟು ಬಿತ್ತು. ಉಳಿದವರು ನೋಡಿ ಕಲಿತರು. ಬೆಸುಗೆ ಹಾಕಿದ ರ‍್ಯಾಮ್ ಕಡಿಮೆ ಕರೆಂಟು ತಿನ್ನುತ್ತದೆ ಅನ್ನುವುದೂ ಸುಳ್ಳಲ್ಲ. ಆದರೆ ಲಕೋಟೆಯಲ್ಲಿ ಲ್ಯಾಪ್‌ಟಾಪ್ ಹಾಕಿಕೊಂಡು ಹುಬ್ಬಳ್ಳಿಯಲ್ಲಿ ಓಡಾಡಿದವರನ್ನು ನಾನಂತೂ ಕಂಡಿಲ್ಲ. ಬೆಳಿಗ್ಗೆ ಚಿಗರಿ ಬಸ್ಸಿನಲ್ಲಿ ನೋಡಿ. ಬೆರಳಿನಷ್ಟೂ ದಪ್ಪವಿಲ್ಲದ ಲ್ಯಾಪ್‌ಟಾಪ್. ಅದನ್ನು ಹೊತ್ತ ಬ್ಯಾಗಿನಲ್ಲಿ ಇಟ್ಟಿಗೆಯಂಥ ಚಾರ್ಜರ್, ಮೌಸ್, ಲ್ಯಾಪ್‌ಟಾಪಿನಲ್ಲಿ ಇಲ್ಲದ ತೂತುಗಳಿಗಾಗಿ ಒಂದು ಡಾಂಗಲ್, ಛತ್ರಿ, ನಾಲ್ಕು ರೊಟ್ಟಿ, ಎಣ್ಣಿಗಾಯಿ ಡಬ್ಬಿ. ಬ್ಯಾಗು ಎಂಟು ತಿಂಗಳ ಬಸುರಿ, ಒಳಗಿನ ಕೂಸು ಮಾತ್ರ ಸ್ಲಿಮ್.

ಇನ್ನೊಂದು ತಮಾಷೆ. ಡೆಸ್ಕ್‌ಟಾಪ್ ಅಂದರೆ ಯಾವತ್ತೂ ಬಿಚ್ಚಿ ಜೋಡಿಸುವ ವಸ್ತು, ಅಲ್ವಾ? 2025ರಲ್ಲಿ ಇದೇ ಫ್ರೇಮ್‌ವರ್ಕ್ ಒಂದು ಡೆಸ್ಕ್‌ಟಾಪ್ ತಂದಿತು. ಅದರಲ್ಲಿ ರ‍್ಯಾಮ್ ಬೆಸುಗೆ! ಆ ಎಎಂಡಿ ಪ್ರೊಸೆಸರಿಗೆ ಬೇಕಾದ ವೇಗ ಬೇರೆ ರೀತಿ ಸಿಗಲಿಲ್ಲವಂತೆ. ಅಳಿಯನಿಗೆ ಹೇಳಿದೆ. ‘ಅದಕ್ಕ ಕಾರಣ ಐತಿ ಮಾಮಾ’ ಅಂದ. ಕಾರಣ ಎಲ್ಲರಿಗೂ ಇರುತ್ತದೆ. ಟೈ ಕಟ್ಟಿದ ಹುಡುಗನಿಗೂ ಇತ್ತು.

ಸರ್ಕಾರ ಸುಮ್ನೆ ಕುಳಿತಿಲ್ಲ. 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. 2024ರಲ್ಲಿ ಒಂದು ಸಮಿತಿ ಮಾಡಿತು, 2025ರ ಮೇ ತಿಂಗಳಲ್ಲಿ ಸಮಿತಿ ವರದಿ ಕೊಟ್ಟಿತು. ಯಾವ ವಸ್ತುವನ್ನು ಎಷ್ಟು ಸಲೀಸಾಗಿ ರಿಪೇರಿ ಮಾಡಬಹುದು ಅಂತ ಅಂಕ ಹಾಕಬೇಕು, ಅದು ಗಿರಾಕಿಗೆ ಕಾಣಬೇಕು. ಬಹಳ ಒಳ್ಳೆಯದು. ಅಂಕ ಘೋಷಿಸುವವರು ಯಾರು? ತಯಾರಿಸಿದ ಕಂಪನಿಯವರೇ, ಗೊತ್ತುಮಾಡಿದ ಮಾನದಂಡದ ಪ್ರಕಾರ. ವಿದ್ಯಾಕಾಶಿ ಧಾರವಾಡದಲ್ಲಿ ಓದಿದರೂ ನಮಗೆ ಎಸ್ಸೆಸ್ಸೆಲ್ಸಿಯಲ್ಲಿ ಇಂಥ ಸೌಲಭ್ಯ ಇರಲಿಲ್ಲ. ಇದ್ದಿದ್ದರೆ ನಾನೂ ಗಣಿತದಲ್ಲಿ ಮಾನದಂಡದ ಪ್ರಕಾರ ತೊಂಬತ್ತೆಂಟು ಘೋಷಿಸುತ್ತಿದ್ದೆ.

ಅಳಿಯ ಕೊನೆಗೂ ಆ ಜವಾರಿ ಲ್ಯಾಪ್‌ಟಾಪನ್ನು ಅಮೆರಿಕದಿಂದ ಬಂದ ಗೆಳೆಯನ ಕೈಯಲ್ಲಿ ತರಿಸಿದ. ಅಕ್ಕ ಅದಕ್ಕೆ ಕುಂಕುಮ ಹಚ್ಚಿದಳು. ಬಂದವರಿಗೆಲ್ಲ ‘ಇದನ್ನ ಪೂರ್ತಿ ಬಿಚ್ಚಬಹುದು’ ಅಂತ ತೋರಿಸಿದ. ತಿಂಗಳುಗಟ್ಟಲೆ ತೋರಿಸಿದ. ಬಿಚ್ಚಲಿಲ್ಲ. ರ‍್ಯಾಮ್ ಹೆಚ್ಚಿಸಬೇಕು ಅನ್ನುವಷ್ಟರಲ್ಲಿ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಬಾಚಿಕೊಂಡು ಅದರ ರೇಟು ಬಂಗಾರದ ಹಿಂದೆ ಓಡುತ್ತಿತ್ತು. ಹಲ್ಲು ಕಚ್ಚಿ ಒಂದು ಕೊಂಡ. ನಂತರ ಮೂರು ಭಾನುವಾರ ಅದನ್ನು ಮೇಜಿನ ಮೇಲಿಟ್ಟುಕೊಂಡು ವಿಡಿಯೊ ನೋಡಿದ.

ನಾಲ್ಕನೇ ಭಾನುವಾರ ಮುಗಿದ ಮೇಲೆ ಇಬ್ಬರೂ ಕೊಪ್ಪೀಕರ ರಸ್ತೆಯ ಮೆಟ್ಟಿಲು ಹತ್ತಿದೆವು.

‘ಇದನ್ನ ನೀವ ಬಿಚ್ಚಬಹುದಲ್ರೀ ತಮ್ಮಾ?’ ಅಂಗಡಿಯವರು ತಿರುಗಿಸಿ ನೋಡಿದರು.

‘ಬಿಚ್ಚಬಹುದ್ರೀ,’ ಅಂದ ಅಳಿಯ. ‘ಆದರ ಭಾಳ ತುಟ್ಟಿದ್ದು. ಹೆದರಿಕಿ ಬರ್ತೈತಿ.’

ಅವರು ಬಾಕ್ಸಿನಲ್ಲಿದ್ದ ಸ್ಕ್ರೂಡ್ರೈವರ್ ಇಸಿದುಕೊಂಡು ಐದು ಸ್ಕ್ರೂ ಸಡಿಲಿಸಿದರು. ಮಸಾಲಿ ಡಬ್ಬಿಯ ಕಡೆ ಹೋದ ಕೈ ಅರ್ಧದಲ್ಲೇ ನಿಂತಿತು, ಹಾಕಲು ಸ್ಕ್ರೂನೇ ಇರಲಿಲ್ಲ. ಎರಡು ನಿಮಿಷದಲ್ಲಿ ರ‍್ಯಾಮ್ ಕೂತಿತು. ಎಷ್ಟಾಯ್ತು ಅಂತ ಅಳಿಯ ಕೇಳಿದ. ಅವರು ಸ್ಕ್ರೂಡ್ರೈವರನ್ನು ಬೆಳಕಿಗೆ ಹಿಡಿದು ತುದಿ ನೋಡುತ್ತಿದ್ದರು.

‘ರೊಕ್ಕ ಬ್ಯಾಡ್ರೀ. ಇದನ್ನ ಇಲ್ಲೇ ಬಿಟ್ಟ ಹೋಗ್ತೀರೇನು? ನಿಮಗ ಹೆಂಗೂ ಬೇಕಾಗಂಗಿಲ್ಲ.’

ಅಳಿಯ ಕೊಟ್ಟು ಬಂದ. ಆ ಲ್ಯಾಪ್‌ಟಾಪಿನಿಂದ ಅವನು ತನ್ನ ಕೈಯಾರೆ ಬೇರ್ಪಡಿಸಿದ ಮೊದಲ ಪಾರ್ಟ್ ಅದು.