ಗೋಲು ಬೀಳದಾಗ ಬರುವ ಗದ್ದಲ

ನಮ್ಮ ಮನೆ ಇಂಗ್ಲೆಂಡಿನ ಲಿವರ್‌ಪೂಲ್ ಊರಿನ ಆನ್‌ಫೀಲ್ಡ್ ಫುಟ್‌ಬಾಲ್ ಮೈದಾನದಿಂದ ನಾಲ್ಕು ಬೀದಿ ಆಚೆ. ಲಿವರ್‌ಪೂಲ್ ತಂಡ ಊರಲ್ಲೇ ಆಡುವ ದಿನ ನಾನು ಟಿವಿ ಹಾಕಿಕೊಂಡು, ಕಿಟಕಿಯನ್ನೂ ಸ್ವಲ್ಪ ತೆರೆದು ಕೂರುತ್ತೇನೆ. ಟಿವಿಯಲ್ಲಿ ಆಟ ಕೆಲವು ಸೆಕೆಂಡ್ ತಡವಾಗಿ ಬರುತ್ತದೆ. ಹಾಗಾಗಿ ಗೋಲು ಮೊದಲು ಕಿಟಕಿಯಿಂದ ಬಂದು, ಆಮೇಲೆ ಟಿವಿಯಲ್ಲಿ ಕಾಣುತ್ತದೆ.

2017ರ ಬೇಸಿಗೆಯಲ್ಲಿ ಬೆಂಗಳೂರು ಬಿಟ್ಟು ಇಲ್ಲಿಗೆ ಬಂದ ಹೊಸತು. ಒಂದು ರಾತ್ರಿ ಕಿಟಕಿಯಿಂದ ಭಾರಿ ಗದ್ದಲ ಕೇಳಿತು. ಗೋಲು ಬಿತ್ತು ಅಂತ ಹೆಂಡತಿಯನ್ನು ಅಡುಗೆಮನೆಯಿಂದ ಕೂಗಿ ಕರೆದೆ. ಇಬ್ಬರೂ ಟಿವಿ ಮುಂದೆ ಕಾದು ನಿಂತೆವು. ಎದುರಾಳಿ ವಿಂಗರ್ ಓಡಿಬಂದ. ನಮ್ಮ ಡಿಫೆಂಡರ್ ಒಬ್ಬ ಹುಲ್ಲಿನ ಮೇಲೆ ಜಾರಿಕೊಂಡು ಬಂದು ಚೆಂಡನ್ನು ಗೆರೆಯಾಚೆ ಒದ್ದ. ಥ್ರೋ ಇನ್. ಅಷ್ಟೇ.

"ಇದಕ್ಕಾ ಕರೆದಿದ್ದು?" ಅಂದಳು.

ಅವತ್ತು ನನಗೂ ಅದೇ ಪ್ರಶ್ನೆ ಇತ್ತು. ಈಗ ಆ ಸದ್ದುಗಳನ್ನು ಬೇರೆ ಬೇರೆ ಮಾಡಿ ಕೇಳಲು ಬರುತ್ತದೆ. ಗೋಲಿನ ಸದ್ದು ಏರಿ ಅಲ್ಲೇ ನಿಲ್ಲುತ್ತದೆ. ಗೋಲ್‌ಕೀಪರ್ ಚೆಂಡು ತಡೆದರೆ ಮೊದಲು ಒಂದು "ಓ", ಆಮೇಲೆ ಚಪ್ಪಾಳೆ. ಟ್ಯಾಕಲ್ ಆದರೆ, ಅಂದರೆ ಎದುರಾಳಿಯ ಕಾಲಿನಿಂದ ಚೆಂಡು ಕಸಿದರೆ, ಗಿಡ್ಡ, ಗಟ್ಟಿ ಸದ್ದು, ನಾಯಿ ಒಂದೇ ಸಲ ಗುರ್ ಅಂದ ಹಾಗೆ. ನನಗೆ ಈ ಮೂರನೆಯದೇ ಹೆಚ್ಚು ಇಷ್ಟ.

ನಮ್ಮಲ್ಲಿ ಒಂದು ಮಾತಿದೆ, ಮನೇಲಿ ಹುಲಿ, ಬೀದೀಲಿ ಇಲಿ ಅಂತ. ಸ್ವಂತ ಜಾಗದಲ್ಲಿ ಜೋರು ತೋರಿಸುವವನನ್ನು ಆಡಿಕೊಳ್ಳುವ ಮಾತದು. ಕ್ರಿಕೆಟ್‌ನಲ್ಲೂ ಹಾಗೇ. ಇಲ್ಲಿ ಗೆದ್ದಿದ್ದೇನು ಮಹಾ, ಆಸ್ಟ್ರೇಲಿಯಾದಲ್ಲಿ ಗೆಲ್ಲಲಿ ನೋಡೋಣ ಅಂತೀವಲ್ವಾ? ಈ ಊರಿನಲ್ಲಿ ಮನೆಯ ಹುಲಿ ಅನ್ನಿಸಿಕೊಳ್ಳುವುದು ದೊಡ್ಡ ಗೌರವ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ 38 ಪಂದ್ಯಗಳಲ್ಲಿ 19 ಊರಲ್ಲೇ ನಡೆಯುತ್ತವೆ. ಆ 19ರಲ್ಲಿ ಬಾಗಿಲು ಹಾಕಿಕೊಂಡರೆ ಉಳಿದದ್ದಕ್ಕೆ ಧೈರ್ಯ ಬರುತ್ತದೆ. ಹೊರಗೆ ಹೋಗಿ ಒಂದು ಡ್ರಾ ಮಾಡಿಕೊಂಡು ಬಂದರೂ ಯಾರೂ ಬೈಯುವುದಿಲ್ಲ. ಊರಲ್ಲಿ ಗೋಲು ಬಿಟ್ಟುಕೊಟ್ಟರೆ ಮಾತ್ರ ಸೋಮವಾರದವರೆಗೆ ಅದೇ ಮಾತು.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜ ಒಬ್ಬರಿದ್ದಾರೆ. ಆನ್‌ಫೀಲ್ಡ್‌ನ ಒಂದು ಗೋಲಿನ ಹಿಂದಿರುವ ಕಾಪ್ ಸ್ಟ್ಯಾಂಡಿನಲ್ಲಿ ಅವರಿಗೆ ವರ್ಷಾನುಗಟ್ಟಲೆಯಿಂದ ಸೀಸನ್ ಟಿಕೆಟ್ ಇದೆ. ನನಗೆ ನಲವತ್ತು ದಾಟಿದರೂ "ಹುಡುಗಾ" ಅಂತಲೇ ಕರೆಯುತ್ತಾರೆ. ಅವರ ಬಾಯಲ್ಲಿ ಸದಾ ಓಡಾಡುವ ವರ್ಷ 1978-79. ಆ ಸಲ ಲಿವರ್‌ಪೂಲ್ ಲೀಗ್‌ನ 42 ಪಂದ್ಯಗಳಲ್ಲಿ 85 ಗೋಲು ಹೊಡೆದು ಚಾಂಪಿಯನ್ ಆಯಿತು. ಅಜ್ಜ ಆ 85ರ ಸುದ್ದಿಯೇ ಎತ್ತುವುದಿಲ್ಲ. ನಾಲ್ಕು ಬೆರಳು ಎತ್ತಿ ತೋರಿಸುತ್ತಾರೆ. ಇಡೀ ಲೀಗ್‌ನಲ್ಲಿ ತಂಡ ಬಿಟ್ಟುಕೊಟ್ಟಿದ್ದು 16 ಗೋಲು, ಅದರಲ್ಲಿ ಆನ್‌ಫೀಲ್ಡ್‌ನ 21 ಪಂದ್ಯಗಳಲ್ಲಿ ಬರೀ 4. ಗೋಲ್‌ಕೀಪರ್ ರೇ ಕ್ಲೆಮೆನ್ಸ್ 28 ಪಂದ್ಯಗಳಲ್ಲಿ ಒಂದೂ ಗೋಲು ಬಿಡಲಿಲ್ಲ.

ನಾನೂ ಸುಮ್ನೆ ಇರುವವನಲ್ಲ. "ಆಗ ಡಿಫೆಂಡರ್ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲೇ ಹಿಡೀಬಹುದಿತ್ತಲ್ಲ, ಅದು ಸುಲಭ ಅಲ್ವಾ?" ಅಂತ ಕೆಣಕುತ್ತೇನೆ. ಆ ನಿಯಮ ಬದಲಾಗಿದ್ದು 1992ರಲ್ಲಿ. ಅಜ್ಜ ಕಿವಿ ಕೇಳಿಸದವರ ಹಾಗೆ ಚಹಾ ಕುಡಿಯುತ್ತಾರೆ.

ಬೆಂಗಳೂರಿನ ಆ ದಿನಗಳು ನೆನಪಾದರೆ ನನ್ನ ಬಗ್ಗೆ ನನಗೇ ನಗು ಬರುತ್ತದೆ. 2016ರ ಅಕ್ಟೋಬರ್. ಕಂಠೀರವ ಕ್ರೀಡಾಂಗಣ. ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಬೆಂಗಳೂರು ಎಫ್‌ಸಿ ಮಲೇಷ್ಯಾದ ಜೊಹೋರ್ ತಂಡವನ್ನು 3-1ರಿಂದ ಸೋಲಿಸಿ ಫೈನಲ್‌ಗೆ ಹೋಯಿತು. ನಾನು ಅಲ್ಲಿದ್ದೆ. ಗಂಟಲು ಕೂತುಹೋಗುವಷ್ಟು ಕೂಗಿದ್ದೆ. ಸುನಿಲ್ ಛೇತ್ರಿಯ ಎರಡೂ ಗೋಲು ಕಣ್ಣಿಗೆ ಕಟ್ಟಿದಂತಿವೆ. ಡಿಫೆನ್ಸ್‌ನಲ್ಲಿ ಯಾರ್ಯಾರು ಇದ್ದರು ಅಂತ ಕೇಳಿದರೆ ನನಗೆ ಹೊಳೆಯುವುದು ಹುವಾನನ್ ಒಬ್ಬನ ಹೆಸರು. ಅದೂ ಯಾಕೆ? ಮೂರನೇ ಗೋಲು ಅವನು ಹೊಡೆದ ಅಂತ! ಹಿಂದೆ ನಿಂತು ಅವನು ತಡೆದ ಚೆಂಡುಗಳಲ್ಲಿ ಒಂದೂ ನೆನಪಿಲ್ಲ.

ನಮ್ಮವರಿಗೆ ಉತ್ಸಾಹ ಕಡಿಮೆ ಅಂತ ಮಾತ್ರ ಹೇಳಲಾರೆ. ಜಾಸ್ತಿ ಹಾಡುವವರು ನಮ್ಮವರೇ. ಕಂಠೀರವದ ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನುವ ಅಭಿಮಾನಿ ಗುಂಪಿನ ಹುಡುಗರು ತೊಂಬತ್ತು ನಿಮಿಷವೂ ಬಾಯಿ ಮುಚ್ಚುವುದಿಲ್ಲ. ಆಟ ಎಲ್ಲಿದ್ದರೂ ಹಾಡು ನಡೆದೇ ಇರುತ್ತದೆ. ಆನ್‌ಫೀಲ್ಡ್ ಬಗ್ಗೆ ಕಥೆ ಕೇಳಿ ಬಂದವರು ಇಲ್ಲಿನ ಮೌನ ನೋಡಿ ಬೇಸರ ಪಡುತ್ತಾರೆ. ಎಷ್ಟೋ ಹೊತ್ತು ಜನ ತೋಳು ಕಟ್ಟಿಕೊಂಡು, ಗೊಣಗಿಕೊಂಡು ಕೂತಿರುತ್ತಾರೆ. ಆದರೆ ಅವರ ಬಾಯಿ ಚೆಂಡಿನ ಹಿಂದೆ ಓಡುತ್ತದೆ. ಡಿಫೆಂಡರ್‌ಗೆ ಕಾಣದ ಹಾಗೆ ಎದುರಾಳಿ ಹಿಂದಿನಿಂದ ಬಂದರೆ ಸಾವಿರಾರು ಜನ ಒಟ್ಟಿಗೆ ಎಚ್ಚರಿಸುತ್ತಾರೆ. ಕಾರ್ನರ್ ಹೊಡೆತವನ್ನು ತಲೆಯಿಂದ ಹೊರಗೆ ಹಾಕಿದರೆ ಚಪ್ಪಾಳೆ. ಅರ್ಧ ಮೈದಾನ ಹಿಂದಕ್ಕೆ ಓಡಿಬಂದು ಚೆಂಡು ಕಸಿದುಕೊಂಡ ಸ್ಟ್ರೈಕರ್‌ಗೆ, ಅವನು ಅದಕ್ಕೆ ಮುಂಚೆ ಎರಡು ಅವಕಾಶ ಹಾಳು ಮಾಡಿದ್ದರೂ, ಜನ ಎದ್ದು ನಿಲ್ಲುತ್ತಾರೆ. ಕಂಠೀರವದಲ್ಲಿ ಓಟದ ಟ್ರ್ಯಾಕ್ ಅಡ್ಡ ಇರುವುದರಿಂದ ನಮ್ಮ ಕೂಗು ದೂರದಿಂದ ಹೋಗಬೇಕು. ಇಲ್ಲಿ ಮುಂದಿನ ಸಾಲಿನವರ ಗೊಣಗಾಟವೂ ಫುಲ್‌ಬ್ಯಾಕ್ ಕಿವಿಗೆ ಬೀಳುತ್ತದೆ.

ಹಾಗಂತ ತಡೆಯುವ ವಿದ್ಯೆಗೆ ನಮ್ಮಲ್ಲಿ ಬೆಲೆ ಇಲ್ಲವೇ? ಇದೆ. ಒನಕೆ ಓಬವ್ವ ಕಾದಿದ್ದು ಒಂದೇ ಒಂದು ಕಿಂಡಿಯನ್ನು. ರಾಹುಲ್ ದ್ರಾವಿಡ್‌ಗೆ ಗೋಡೆ ಅಂತಲೇ ಹೆಸರು. ಆದರೆ ಆಫ್ ಸ್ಟಂಪಿನಾಚೆಯ ಚೆಂಡನ್ನು ದ್ರಾವಿಡ್ ಮುಟ್ಟದೆ ಬಿಟ್ಟಾಗ ಚಪ್ಪಾಳೆ ಹೊಡೆದವರು ನಮ್ಮಲ್ಲಿ ಎಷ್ಟು ಮಂದಿ? ಕಬಡ್ಡಿಯಲ್ಲಿ ಮಾತ್ರ ನಮ್ಮ ಜನ ಹಿಡಿದವನಿಗೂ ರೇಡರ್‌ನಷ್ಟೇ ಸಿಳ್ಳೆ ಹಾಕುತ್ತಾರೆ. ಇದನ್ನು ಬಹಳ ಸಲ ಯೋಚಿಸಿದ್ದೇನೆ. ನನಗೆ ತೋರುವುದು ಇಷ್ಟು: ಕಬಡ್ಡಿಯಲ್ಲಿ ಹಿಡಿದರೆ ಪಾಯಿಂಟ್ ಬರುತ್ತದೆ, ಬೋರ್ಡಿನಲ್ಲಿ ಅಂಕಿ ತಿರುಗುತ್ತದೆ. ಫುಟ್‌ಬಾಲ್‌ನಲ್ಲಿ ಡಿಫೆಂಡರ್ ಎಷ್ಟೇ ಒದ್ದಾಡಿದರೂ ಬೋರ್ಡಿನಲ್ಲಿ ಏನೂ ಆಗುವುದಿಲ್ಲ. ಅಲ್ಲಿ ಮೊದಲೇ ಇದ್ದ ಸೊನ್ನೆ ಹಾಗೇ ಇರುತ್ತದೆ. ಅಂಕಿ ಬದಲಾಗದಿದ್ದರೂ ಖುಷಿಪಡುವುದನ್ನು ಇಲ್ಲಿಯ ಜನ ಕಲಿತಿದ್ದಾರೆ.

ಒಂದು ಉದಾಹರಣೆ ಸಾಕು. 2019ರ ಮೇ 7, ಬಾರ್ಸಿಲೋನಾ ವಿರುದ್ಧ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೇ ಪಂದ್ಯ. ಅಲ್ಲಿ 3-0ಯಿಂದ ಸೋತು ಬಂದ ಲಿವರ್‌ಪೂಲ್ ಇಲ್ಲಿ 4-0ಯಿಂದ ಗೆದ್ದಿತು. ಜಗತ್ತೆಲ್ಲ ಆ ನಾಲ್ಕರ ಬಗ್ಗೆ ಬರೆಯಿತು. ಓರಿಗಿ ಎರಡು, ವೈನಾಲ್ಡಮ್ ಎರಡು, ಅದರಲ್ಲೂ ಕೊನೆಯದಕ್ಕೆ ಮೊದಲಿನ ಆ ಗಡಿಬಿಡಿ ಕಾರ್ನರ್. ಪಕ್ಕದ ಮನೆಯ ಅಜ್ಜ ಮರುದಿನ ಮಾತಾಡಿದ್ದು ಸೊನ್ನೆಯ ಬಗ್ಗೆ. ಆಗ ಹೊರ ಊರಿನ ಗೋಲಿನ ನಿಯಮ ಇತ್ತು: ಎರಡೂ ಪಂದ್ಯಗಳ ಒಟ್ಟು ಗೋಲು ಸಮವಾದರೆ ಹೊರ ಊರಿನಲ್ಲಿ ಹೆಚ್ಚು ಹೊಡೆದವರು ಗೆದ್ದಂತೆ. ಬಾರ್ಸಿಲೋನಾ ಒಂದೇ ಒಂದು ಹೊಡೆದಿದ್ದರೂ ನಮಗೆ ಐದು ಬೇಕಾಗುತ್ತಿತ್ತು. ಮೊದಲರ್ಧದಲ್ಲಿ ಮೆಸ್ಸಿ, ಕುಟಿನ್ಯೊ, ಜೋರ್ಡಿ ಆಲ್ಬಾ ಹೊಡೆದ ಚೆಂಡುಗಳನ್ನು ನಮ್ಮ ಗೋಲ್‌ಕೀಪರ್ ಆಲಿಸನ್ ತಡೆದಿದ್ದ. ಅವು ಹೈಲೈಟ್ಸ್‌ನಲ್ಲಿ ಎರಡು ಸೆಕೆಂಡ್ ಬಂದು ಹೋಗುತ್ತವೆ. ಅಜ್ಜ ಮಾತ್ರ ಒಂದೊಂದನ್ನೂ ಕೈ ಚಾಚಿ, ಸೊಂಟ ಬಗ್ಗಿಸಿ ಮಾಡಿ ತೋರಿಸಿದರು.

ಜನರ ಗದ್ದಲಕ್ಕೆ ನಿಜವಾಗಿ ಶಕ್ತಿ ಇದೆಯಾ, ಅಥವಾ ಇದೆಲ್ಲ ಅಭಿಮಾನಿಗಳ ಭ್ರಮೆಯಾ? 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 40 ರೆಫರಿಗಳಿಗೆ ಹಳೆಯ ಪಂದ್ಯವೊಂದರ ಟ್ಯಾಕಲ್‌ಗಳ ವೀಡಿಯೊ ತೋರಿಸಿದ್ದರು. ಕೆಲವರಿಗೆ ಜನರ ಸದ್ದಿನ ಜೊತೆ, ಉಳಿದವರಿಗೆ ಸದ್ದಿಲ್ಲದೆ. ಸದ್ದು ಕೇಳಿದವರು ಊರಿನ ತಂಡದ ಮೇಲೆ ಸುಮಾರು 15% ಕಡಿಮೆ ಫೌಲ್ ಕೊಟ್ಟರು. ಅದು ಆನ್‌ಫೀಲ್ಡ್‌ನಲ್ಲೇ ನಡೆದ ಲಿವರ್‌ಪೂಲ್-ಲೆಸ್ಟರ್ ಪಂದ್ಯ ಅಂತ ತಿಳಿದಾಗ ನನಗೆ ಸ್ವಲ್ಪ ಖುಷಿ, ಸ್ವಲ್ಪ ನಾಚಿಕೆ. ನಮ್ಮ ಡಿಫೆನ್ಸ್‌ನ ಒಂದು ಪಾಲು ರೆಫರಿಯ ಕಿವಿಯಲ್ಲಿದೆ ಅಂತಾಯ್ತಲ್ಲ!

ಆಮೇಲೆ ಕೊರೊನಾ ಬಂತು, ಕಿಟಕಿ ಮೂಕವಾಯಿತು. ಗೋಲುಗಳು ಮುನ್ಸೂಚನೆ ಇಲ್ಲದೆ ಟಿವಿಯಿಂದ ನೇರವಾಗಿ ಬರತೊಡಗಿದವು. 2017ರ ಏಪ್ರಿಲ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್‌ಗೆ ಸೋತ ಮೇಲೆ ಲೀಗ್‌ನಲ್ಲಿ 68 ಪಂದ್ಯ ಊರಲ್ಲಿ ಸೋಲದೆ ಬಂದಿದ್ದ ತಂಡ, 2021ರ ಜನವರಿ 21ರಂದು ಬರ್ನ್ಲಿಗೆ 1-0ಯಿಂದ ಸೋತಿತು. ಅದೂ ಸೇರಿ ಊರಲ್ಲಿ ಸತತ ಆರು ಸೋಲು. ಅದರಲ್ಲಿ ಒಂದು ಇದೇ ಊರಿನ ಎವರ್ಟನ್ ತಂಡದ ಕೈಯಲ್ಲಿ, ಅವರು ಇಲ್ಲಿ ಗೆದ್ದಿದ್ದು 1999ರ ನಂತರ ಅದೇ ಮೊದಲು. ಬರೀ ಮೌನವೇ ಕಾರಣ ಅಂದರೆ ಸುಳ್ಳಾಗುತ್ತದೆ. ಖಾಲಿ ಮೈದಾನದಲ್ಲೂ ತಂಡ ಕೆಲವು ತಿಂಗಳು ಚೆನ್ನಾಗಿಯೇ ಆಡಿತ್ತು. ಫೆಬ್ರವರಿ ಹೊತ್ತಿಗೆ ಡಿಫೆಂಡರ್‌ಗಳಾದ ವ್ಯಾನ್ ಡೈಕ್, ಗೋಮೆಜ್, ಮಾಟಿಪ್ ಮೂವರೂ ಗಾಯಗೊಂಡು ಮನೆಯಲ್ಲಿದ್ದರು. ಮಿಡ್‌ಫೀಲ್ಡಿನವರನ್ನು ಹಿಂದೆ ನಿಲ್ಲಿಸಿ ದಿನ ದೂಡುತ್ತಿದ್ದರು. ಆದರೆ ಆ ಸಲ ಬಹುತೇಕ ಖಾಲಿ ಮೈದಾನಗಳಲ್ಲಿ ನಡೆದ ಇಡೀ ಲೀಗ್‌ನ ಲೆಕ್ಕ ನೋಡಿ: ಊರಿನ ತಂಡ ಗೆದ್ದಿದ್ದು 144 ಪಂದ್ಯ, ಹೊರಗಿನಿಂದ ಬಂದವರು ಗೆದ್ದಿದ್ದು 153. ಇಂಗ್ಲೆಂಡಿನ ಮೊದಲ ದರ್ಜೆಯ ಲೀಗ್‌ನಲ್ಲಿ ಹಾಗಾಗಿದ್ದು ಅದೇ ಮೊದಲು. ಎಲ್ಲ ತಂಡಗಳ ಡಿಫೆಂಡರ್‌ಗಳೂ ಒಟ್ಟಿಗೆ ಗಾಯಗೊಂಡಿರಲಿಲ್ಲವಲ್ಲ.

ಮಧ್ಯೆ ಒಂದು ಮಾತು. ಈ ಕಾಪ್ ಅನ್ನುವ ಹೆಸರು ದಕ್ಷಿಣ ಆಫ್ರಿಕಾದ ಸ್ಪಿಯೊನ್ ಕಾಪ್ ಗುಡ್ಡದಿಂದ ಬಂದಿದ್ದು. 1900ರ ಜನವರಿಯಲ್ಲಿ ಬ್ರಿಟಿಷ್ ಸೈನ್ಯ ಆ ಗುಡ್ಡ ಹತ್ತಿ ಹಿಡಿದು, ಉಳಿಸಿಕೊಳ್ಳಲಾಗದೆ ಇಳಿದು ಬಂತು. ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತವರಲ್ಲಿ ನಮ್ಮ ಗಾಂಧೀಜಿಯೂ ಇದ್ದರು. ಜಗತ್ತಿನಲ್ಲೇ ಹೆಸರಾದ ಈ ಕೋಟೆಗೆ ಕೈಬಿಟ್ಟುಹೋದ ಗುಡ್ಡದ ಹೆಸರು! ಗಾಂಧಿ ವಿಷಯ ಹೇಳಿದಾಗ ಅಜ್ಜ ನಂಬಲಿಲ್ಲ. ಮೊಮ್ಮಗಳ ಫೋನಿನಲ್ಲಿ ಹುಡುಕಿಸಿ ನೋಡಿ, ಆಮೇಲೆ ಇಡೀ ಬೀದಿಗೆ ಅವರೇ ಹೇಳಿಕೊಂಡು ಬಂದರು.

ಹೋದ ಚಳಿಗಾಲ ಊರಿನಿಂದ ಅಣ್ಣ ಬಂದಿದ್ದ. ಹೇಗೋ ಎರಡು ಟಿಕೆಟ್ ಹೊಂದಿಸಿದೆ. ಪಂದ್ಯ 0-0. ಎದುರಾಳಿ ಕೊನೆಯ ಇಪ್ಪತ್ತು ನಿಮಿಷ ನಮ್ಮ ಗೋಲಿನ ಮುಂದೆಯೇ ಬೀಡುಬಿಟ್ಟಿತ್ತು. ಒಂದು ಚೆಂಡು ಗೆರೆಯ ಮೇಲಿಂದ ವಾಪಸ್ ಬಂತು. ನಾನು ಕೂಗಿ ಕೂಗಿ ಸುಸ್ತಾಗಿದ್ದೆ. ಅಣ್ಣ ಕೈಗವಸಿನೊಳಗೆ ಬೆರಳು ಮುದುರಿಕೊಂಡು ಸಮಯ ನೋಡುತ್ತಿದ್ದ.

ವಾಪಸ್ ಬರುವಾಗ ಗೇಟಿನ ಹತ್ತಿರ ಅಜ್ಜ ಸಿಕ್ಕರು. ಅಣ್ಣನ ಕೈ ಕುಲುಕಿ, "ಮೊದಲ ಸಲಕ್ಕೇ ಒಳ್ಳೆ ಆಟ ಸಿಕ್ಕಿತು ನಿಮಗೆ" ಅಂದರು.

ಅಣ್ಣ ನಕ್ಕು ತಲೆ ಆಡಿಸಿದ. ಮನೆಯೊಳಗೆ ಬಂದು ಶೂ ಬಿಚ್ಚುತ್ತ ಕೇಳಿದ, "ಆ ಯಜಮಾನರು ತಮಾಷೆ ಮಾಡಿದ್ದಾ ಕಣೋ?"